ರಜೆ ಗಂಟಿನ ಕಾವಲು

ಸೋಪಿನಕ್ಕನ ಗಂಡನ ಮೂಗು ಒಡೆದದ್ದು ನಾನೇ. ಯಾರು ಕೇಳಿದರೂ ಇವತ್ತಿಗೂ ಹೌದು ಅನ್ನುತ್ತೇನೆ. ಹಾಡಹಗಲೇ ಕುಡಿದು ಬಂದು, ಲಾಂಡ್ರಿಯ ಹಿಂಬಾಗಿಲನ್ನು ಒದ್ದು, “ಎಲ್ಲಿಟ್ಟಿದ್ದೀಯೇ ನನ್ನ ಹೆಂಡ್ತಿ ದುಡ್ಡು?” ಅಂತ ನನ್ನ ಮೇಲೆಯೇ ಏರಿ ಬಂದ. ಒದ್ದೆ ಬೆಡ್‌ಶೀಟುಗಳನ್ನು ಎತ್ತುವ ದೊಣ್ಣೆ ನನ್ನ ಕೈಯಲ್ಲಿತ್ತು. ಮರ್ಯಾದೆಯಾಗಿ ಹೊರಗೆ ನಡಿ ಅಂತ ಹೇಳಿದೆ. ಕೇಳಲಿಲ್ಲ, ಬೀಸಿದೆ. ಅವನು ಮೂಗು ಹಿಡಿದುಕೊಂಡು ಕುಸಿದಲ್ಲಿಂದ ಏಳುವ ಮೊದಲೇ ಸೋಪಿನಕ್ಕ ನೆಲದ ರಕ್ತದ ಮೇಲೆ ಪುಡಿ ಸುರಿದು ಉಜ್ಜತೊಡಗಿದ್ದಳು. ಡ್ರಮ್ಮುಗಳಿಗೆ ಸೋಪಿನ ಪುಡಿ ಹಾಕುವುದು ಅವಳ ಕೆಲಸ, ಅದಕ್ಕೇ ಆ ಹೆಸರು. “ಇನ್ನೊಂದು ಹಾಕಬೇಕಿತ್ತು ಕಣೇ,” ಅಂದಳು, ಗಂಡನ ಎದುರಿಗೇ.

ನಮ್ಮದು ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿ. ವರ್ಷದ ಕೊನೆಗೆ ದೊಡ್ಡ ರಜೆ ಬರುತ್ತದೆ. ಆಗ ಮಕ್ಕಳಿಗೆ, ತವರಿನವರಿಗೆ, ಅಕ್ಕತಂಗಿಯರಿಗೆ ಏನಾದರೂ ಉಡುಗೊರೆ ಕೊಡಲೇಬೇಕು. ಕೊಡದವರು ಬೀದಿಯಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ. ಅದಕ್ಕೆ ನಾವು ಹೆಂಗಸರು ವರ್ಷದ ಮೊದಲ ಸಂಬಳದಿಂದಲೇ ಸ್ವಲ್ಪ ಸ್ವಲ್ಪ ಎತ್ತಿಡುತ್ತೇವೆ. ಮನೆಯಲ್ಲಿಟ್ಟರೆ ಗಂಡಸರು ಬಿಡುವುದಿಲ್ಲ. ಬ್ಯಾಂಕಿನಲ್ಲಿಟ್ಟರೆ ಈ ಹೆಂಗಸರೇ ಬಿಡುವುದಿಲ್ಲ. ಒಂದು ಸಲ ಮಿಕ್ಸಿ ಕೆಟ್ಟಿತು ಅಂತ ತೆಗೆಯುತ್ತಾರೆ, ಇನ್ನೊಂದು ಸಲ ಮೈದುನ ಸಾಲ ಕೇಳಿ ಅತ್ತ ಅಂತ. ಹಾಗಾಗಿ ಲಾಂಡ್ರಿಯಲ್ಲಿ ಎಲ್ಲರಿಗಿಂತ ಕೆಟ್ಟ ಹೆಂಗಸು ಯಾರೋ ಅವಳ ಹತ್ತಿರ ಗಂಟು ಇಡುವುದು ನಮ್ಮಲ್ಲಿ ಮೊದಲಿನಿಂದ ನಡೆದು ಬಂದದ್ದು. ನನಗಿಂತ ಮುಂಚೆ ಒಬ್ಬಳು ಕಚ್ಚುವವಳಿದ್ದಳು. ಅವಳ ಹಲ್ಲು ಬಿದ್ದ ಮೇಲೆ ನಾನು.

ಗಂಟು ಇಡುವಾಗ ಪ್ರತಿಯೊಬ್ಬಳೂ ಒಂದು ಮಾತು ಹೇಳಬೇಕು. “ರಜೆಗೆ ಮೊದಲು ನಾನೇ ಬಂದು ಕಾಲಿಗೆ ಬಿದ್ರೂ ಕೊಡಬೇಡ, ಹೊಡೆದು ಕಳಿಸು.” ಮೂಲೆಯಲ್ಲಿ ಕೆಟ್ಟು ನಿಂತ ಮಷಿನ್ನಿನ ಹೊಟ್ಟೆಯೊಳಗೆ ಎಲ್ಲರ ಗಂಟು, ಅದರ ಬೀಗದ ಕೈ ನನ್ನ ಕೊರಳಲ್ಲಿ. ಬ್ಯಾಂಕಿನವರು ಬಡ್ಡಿ ಕೊಡುತ್ತಾರೆ, ನಾನು ಗುದ್ದು ಕೊಡುತ್ತೇನೆ ಅಂತ ನಾವೇ ಹೇಳಿಕೊಂಡು ನಗುತ್ತಿದ್ದೆವು. ಸುಮ್ಮನೆ ತಮಾಷೆಯಲ್ಲ ಮತ್ತೆ. ಗುಂಡಿ ಹೊಲಿಯುವವಳು ಒಂದು ವರ್ಷ ಅರ್ಧದಲ್ಲೇ ಬಂದು, ದಮ್ಮಯ್ಯ ಕೊಡು ಅಂತ ಗೋಗರೆದಳು. ಕೆನ್ನೆಗೆ ಎರಡು ಬಿಟ್ಟೆ. ರಜೆ ಮುಗಿದ ಮೇಲೆ ಅವಳೇ ನನಗೊಂದು ಉಣ್ಣೆಯ ಶಾಲು ತಂದು ಹೊದಿಸಿ, ತಬ್ಬಿಕೊಂಡು ಅತ್ತಳು.

ಈ ವರ್ಷ ನನ್ನ ಸೊಸೆಯೂ ಗಂಟು ಇಟ್ಟಳು. ಅವಳು ಇದೇ ಲಾಂಡ್ರಿಯಲ್ಲಿ ಬಟ್ಟೆ ಮಡಿಸುವ ಮೇಜಿನವಳು. ಮಾತು ಕಡಿಮೆ, ಬೈದರೂ ಬಾಯಿ ಬಿಡುವವಳಲ್ಲ. ನನ್ನ ಮಗ ಸರಕಿನ ವ್ಯಾನು ಓಡಿಸುತ್ತಾನೆ. ನನಗೆ ಇರುವವನು ಅವನೊಬ್ಬನೇ. ಅವರದು ಪಕ್ಕದ ಬೀದಿಯಲ್ಲಿ ಮಹಡಿ ಮೇಲಿನ ಒಂದು ಕೋಣೆ, ನನ್ನದು ಬೇರೆ ಮನೆ. ಹೋದ ವರ್ಷ ಮಗಳ ಉಡುಗೊರೆಗೆ ಅಂತ ಸೊಸೆ ಎತ್ತಿಟ್ಟಿದ್ದನ್ನೆಲ್ಲ ಅವನು ಇಸ್ಪೀಟಿನಲ್ಲಿ ಕಳೆದು ಬಂದಿದ್ದ.

ಮೊಮ್ಮಗಳು ಗುಬ್ಬಿಗೆ ಏಳು ವರ್ಷ. ಅವರ ಬೀದಿಯ ಮಕ್ಕಳೆಲ್ಲ ಗಾಲಿ ಬೂಟು ಕಟ್ಟಿಕೊಂಡು ಸುಯ್ಯನೆ ಜಾರುತ್ತಿದ್ದರೆ ಇವಳು ಚಪ್ಪಲಿ ಕಾಲಲ್ಲಿ ಹಿಂದೆ ಹಿಂದೆ ಓಡುತ್ತಿದ್ದಳು. “ನಂದೂ ಇದೆ, ಮನೇಲಿಟ್ಟಿದ್ದೀನಿ, ಎಲ್ಲರದ್ದಕ್ಕಿಂತ ದೊಡ್ಡದು,” ಅಂತ ಸುಳ್ಳು ಹೇಳಿದ್ದಳು. ಅವರು ತೋರಿಸು ಬಾ ಅಂತ ಮನೆವರೆಗೂ ಬಂದು, ಏನೂ ಕಾಣದೆ ಮೆಟ್ಟಿಲ ತುಂಬ ನಕ್ಕು ಹೋದರು. ಮಗು ನನ್ನ ಮನೆಗೆ ಓಡಿ ಬಂದು ಮಂಚದ ಕೆಳಗೆ ಸೇರಿಕೊಂಡಿತು. ಊಟಕ್ಕೆ ಕರೆದರೂ ಬರಲಿಲ್ಲ. ಈ ಸಲದ ರಜೆಗೆ ಆ ಬೂಟು ಗುಬ್ಬಿಯ ಕಾಲಿಗೆ ಬರಲೇಬೇಕು, ಅಡ್ಡ ಬಂದವರ ಕಾಲು ಮುರಿಯುತ್ತೇನೆ ಅಂತ ಅವತ್ತೇ ಅಂದುಕೊಂಡೆ.

ರಜೆ ಹತ್ತಿರ ಬರುತ್ತಿದ್ದ ಹಾಗೆ ಒಂದು ದಿನ ಸೊಸೆ ಕೆನ್ನೆ ಊದಿಸಿಕೊಂಡು ಕೆಲಸಕ್ಕೆ ಬಂದಳು.

“ಏನೇ ಅದು?”

“ಬಾಗಿಲು ತಗುಲಿತು ಅತ್ತೆ.”

“ನಿಮ್ಮನೆ ಬಾಗಿಲಿಗೆ ಐದು ಬೆರಳು ಇದೆಯೇನೇ?”

ಅವಳು ಮೇಜಿಗೆ ಹೋಗಿ ಟವೆಲು ಮಡಿಸತೊಡಗಿದಳು. ಬೇರೆಯವರ ಗಂಡಂದಿರಾಗಿದ್ದರೆ ಅವತ್ತು ಸಂಜೆಯೇ ದೊಣ್ಣೆ ಹಿಡಿದು ಅವರ ಬೀದಿಗೆ ಹೋಗಿ ಚಳಿ ಬಿಡಿಸಿರುತ್ತಿದ್ದೆ. ಮಗನ ಮನೆಯ ಕಡೆಗೆ ನನ್ನ ಕಾಲು ಏಳಲಿಲ್ಲ. ಹೆತ್ತವಳು ಅಲ್ಲವೇ, ಆಗಲಿಲ್ಲ, ಅಷ್ಟೇ.

ನಾನು ಹೋಗದಿದ್ದರೇನು, ಒಂದು ಮಧ್ಯಾಹ್ನ ಅವನೇ ಬಂದ. ಹಿಂಬಾಗಿಲಿನಿಂದ ಹಬೆಯ ನಡುವೆ ನುಗ್ಗಿಕೊಂಡು ಬಂದು ನನ್ನೆದುರು ನಿಂತ.

“ಅಮ್ಮ, ಅವಳ ಗಂಟು ತೆಗಿ.”

“ಊಟ ಆಯ್ತೇನೋ?” ಅಂದೆ. ಇನ್ಯಾರು ಬಂದಿದ್ದರೂ ಹೀಗೆ ಕೇಳುತ್ತಿರಲಿಲ್ಲ ಅಂತ ಎಲ್ಲರಿಗೂ ಗೊತ್ತು. ಗುಂಡಿಯವಳು ಸೋಪಿನಕ್ಕನ ಮುಖ ನೋಡಿದಳು.

“ಊಟದ ಮಾತು ಬಿಡು. ಇವತ್ತು ಕೊಡದಿದ್ರೆ ಆ ಇಸ್ಪೀಟಿನವರು ನನ್ನ ಕಾಲು ಮುರೀತಾರೆ.”

“ಮುರೀಲಿ ಬಿಡು. ಕೂತ್ಕೊಂಡು ಆಡೋ ಆಟಕ್ಕೆ ಕಾಲು ಯಾಕೆ?”

ಯಾರೋ ಕಿಸಕ್ಕನೆ ನಕ್ಕರು. ಆ ನಗು ಅವನ ನೆತ್ತಿಗೇರಿತು. ನೇರ ಮಡಿಸುವ ಮೇಜಿಗೆ ಹೋಗಿ ಹೆಂಡತಿಯ ಜಡೆ ಹಿಡಿದು ಎಳೆದ. ಮಡಿಸಿಟ್ಟ ಟವೆಲುಗಳೆಲ್ಲ ನೆಲಕ್ಕೆ ಬಿದ್ದವು. ಅವಳು ಒದ್ದೆ ನೆಲದಲ್ಲಿ ಜಾರಿ ಬಿದ್ದರೂ ಬಿಡದೆ ಮಂಡಿಯ ಮೇಲೆ ದರದರ ಎಳೆದು ತಂದ. ಸೂಪರ್‌ವೈಸರ್ ತನ್ನ ಗಾಜಿನ ಕೋಣೆಯಿಂದ ಇದನ್ನು ನೋಡಿ ಒಳಗಿನಿಂದ ಚಿಲಕ ಹಾಕಿಕೊಂಡ. ಥೂ, ಅವನ ಗಂಡಸುತನಕ್ಕೆ!

ನಾನು ಇಸ್ತ್ರಿ ಮಾಡುವ ಹಬೆ ಪ್ರೆಸ್ಸಿಗೆ ಎರಡು ಹಲಗೆ. ಕೆಳಗಿನದರ ಮೇಲೆ ಬಟ್ಟೆ ಹಾಸುವುದು, ಕಾಲಲ್ಲಿ ಪೆಡಲ್ ಒತ್ತಿದರೆ ಮೇಲಿನ ಕಾದ ಉಕ್ಕಿನ ಹಲಗೆ ಇಳಿದು ಕೂರುತ್ತದೆ. ಮಗನಿಗೆ ಅದು ಹೊಸದೇನಲ್ಲ. ಹಾಲು ಕುಡಿಯುವಾಗಿನಿಂದ ಅದರ ಪಕ್ಕದಲ್ಲೇ ಬಟ್ಟೆ ಬುಟ್ಟಿಯಲ್ಲಿ ಮಲಗಿ ಬೆಳೆದವನು. ಹೆಂಡತಿಯ ಅಂಗೈಯನ್ನು ಕೆಳಗಿನ ಹಲಗೆಗೆ ಅದುಮಿ ಹಿಡಿದು ಪೆಡಲ್ ಮೇಲೆ ಕಾಲಿಟ್ಟ.

“ಕೊಡ್ತೀಯಾ, ಒತ್ಲಾ?”

“ಕೊಡಬೇಡಿ ಅತ್ತೆ!” ಅಂತ ಕಿರುಚಿದಳು ಸೊಸೆ. ಅವಳ ಗಂಟಲಿನಿಂದ ಅಷ್ಟು ದೊಡ್ಡ ಧ್ವನಿ ನಾನು ಕೇಳಿದ್ದು ಅದೇ ಮೊದಲು. “ಅದು ಗುಬ್ಬೀದು! ಕೊಡಬೇಡಿ!”

ದೊಣ್ಣೆ ಬೀಸಿದೆ. ಮೊದಲನೆಯದು ಅವನ ಹೆಗಲಿಗೆ ಬಿತ್ತು, ಎರಡನೆಯದು ಕಿವಿಯ ಹಿಂದೆ. ಅವನ ಹಿಡಿತ ಸಡಿಲಿತು. ಸೊಸೆ ಕೈ ಕಿತ್ತುಕೊಂಡು ಆಚೆ ಉರುಳಿದಳು. ಅವನ ಮೊಣಕಾಲು ಕುಸಿಯಿತು, ಬೀಳಬಾರದು ಅಂತ ತನ್ನ ಬಲಗೈಯನ್ನು ಹಲಗೆಯ ಮೇಲೆ ಊರಿ ನಿಂತ. ತಲೆ ತಗ್ಗಿಸಿಕೊಂಡು ಏದುಸಿರು ಬಿಡುತ್ತಿದ್ದ.

ಅಷ್ಟಕ್ಕೆ ಮುಗಿದಿತ್ತು. ಅವನು ಬಿಟ್ಟಾಗಿತ್ತು, ಅವಳು ತಪ್ಪಿಸಿಕೊಂಡಾಗಿತ್ತು. ಆದರೆ ನನ್ನ ಸಿಟ್ಟು ಮುಗಿದಿರಲಿಲ್ಲ. ನಾನು ಪೆಡಲ್ ಒತ್ತಿದೆ.

ಹಬೆ ಬುಸ್ಸೆಂದಿತು. ಅವನು “ಅಮ್ಮಾ” ಅಂತ ಕಿರುಚಿದ. ನೋವಾದರೆ ಎಲ್ಲರೂ ಹಾಗೆಯೇ ಕಿರುಚುತ್ತಾರೆ, ನನ್ನನ್ನೇ ಕರೆದನೋ ಇಲ್ಲವೋ ಗೊತ್ತಿಲ್ಲ. ಚರ್ಮ ಸುಟ್ಟ ವಾಸನೆ ಬಂತು. ನನ್ನ ಕಾಲು ಪೆಡಲ್ ಮೇಲೆಯೇ ಇತ್ತು. ಸೋಪಿನಕ್ಕ ಓಡಿ ಬಂದು ನನ್ನ ಕೂದಲು ಹಿಡಿದು ಹಿಂದಕ್ಕೆ ಎಳೆದಳು. “ನಿನ್ನ ಮಗ ಕಣೇ ಅವನು! ನಿನ್ನ ಮಗ!” ಅಂತ ನನ್ನ ಬೆನ್ನಿಗೆ ದಬದಬ ಗುದ್ದಿದಳು. ಇಷ್ಟು ವರ್ಷ ನಾನು ಹೊಡೆದವರೆಲ್ಲ ಯಾರದೋ ಮಕ್ಕಳೇ ಅಂತ ಆಗ ಹೊಳೆಯಿತು.

ಆಸ್ಪತ್ರೆಯಲ್ಲಿ ಅವನು ಮಷಿನ್ನಿಗೆ ಕೈ ಸಿಕ್ಕಿಕೊಂಡಿತು ಅಂದನಂತೆ. ಎರಡು ಬೆರಳು ಉಳಿಯುವುದಿಲ್ಲ, ಅಂಗೈಗೆ ತೊಡೆಯ ಚರ್ಮ ತೆಗೆದು ಹಾಕಬೇಕು ಅಂದರು ಡಾಕ್ಟರು. ವ್ಯಾನಿನ ಮಾಲೀಕ ಮಾರನೆಯ ದಿನವೇ ಬೇರೆ ಡ್ರೈವರನ್ನು ಇಟ್ಟುಕೊಂಡ. ನಾನು ಆಸ್ಪತ್ರೆಯ ಗೇಟಿನವರೆಗೆ ಹೋಗಿ ವಾಪಸ್ಸು ಬಂದೆ. ಒಳಗೆ ಹೋಗಿ ಏನು ಹೇಳಲಿ?

ಸೊಸೆ ಲಾಂಡ್ರಿಗೆ ಬಂದಳು. ಕೆಲಸದ ಬಟ್ಟೆಯಲ್ಲಿರಲಿಲ್ಲ. “ಗಂಟು ಕೊಡಿ ಅತ್ತೆ. ಆಪರೇಷನ್‌ಗೆ ಕಟ್ಟಬೇಕು,” ಅಂದಳು.

“ನನ್ನದನ್ನ ತಗೊಂಡು ಹೋಗು. ಪೂರ್ತಿ ತಗೋ. ಅದನ್ನ ಮಾತ್ರ ಮುಟ್ಟಬೇಡ, ಅದು ಮಗೂದು.”

“ನಿಮ್ಮ ದುಡ್ಡು ನಮ್ಮನೆಗೆ ಬೇಡ.”

“ಅವನು ನಿನ್ನ ಕೈ ಸುಡೋಕೆ ಬಂದಿದ್ದ ಕಣೇ! ಮರೆತುಬಿಟ್ಯಾ?”

“ಮರೆತಿಲ್ಲ. ಬಿಡಿಸಿ ಅಂತ ನಿಮ್ಮ ಕಡೆ ನೋಡಿದೆ ಅತ್ತೆ. ಸುಡಿ ಅಂತ ಹೇಳಲಿಲ್ಲ.”

ನನ್ನ ಬಾಯಲ್ಲಿ ಬಂದದ್ದು ಹಳೆಯ ಮಾತೇ. “ರಜೆಗೆ ಮೊದಲು ಕೊಡಲ್ಲ. ನೀನೇ ಹೇಳಿದ್ದೆ.”

“ಹೌದು, ಹೇಳಿದ್ದೆ. ಹೊಡೆದು ಕಳಿಸಿ ಅಂತಾನೂ ಹೇಳಿದ್ದೆ. ಹೊಡೀರಿ.” ಅವಳು ಮುಖವನ್ನು ನನ್ನ ಮುಂದೆ ಚಾಚಿದಳು. ಅವನು ಹೊಡೆದ ಕೆನ್ನೆಯ ಕಲೆ ಇನ್ನೂ ಹಳದಿಯಾಗಿ ಉಳಿದಿತ್ತು. ಅಭ್ಯಾಸಕ್ಕೆ ನನ್ನ ಕೈ ಮೇಲೆದ್ದಿತು. ಅವಳು ಕಣ್ಣು ಮಿಟುಕಿಸಲಿಲ್ಲ. ಕೈ ಹಾಗೆಯೇ ನಿಂತಿತು.

ಅವಳು ಬಗ್ಗಿ ನನ್ನ ಕಾಲ ಬಳಿಯಿದ್ದ ದೊಣ್ಣೆ ಎತ್ತಿಕೊಂಡಳು. ಮೊದಲ ಏಟಿಗೆ ನನ್ನ ತುಟಿ ಸೀಳಿತು, ಎರಡನೆಯದಕ್ಕೆ ಹೆಗಲ ಮೂಳೆ ಚಟ್ಟೆಂದಿತು. ಗಂಡನಿಗೆ ಒಂದು ದಿನವೂ ಎದುರು ಮಾತಾಡದವಳು ಹಲ್ಲು ಕಚ್ಚಿಕೊಂಡು ನನ್ನನ್ನು ಬಡಿದಳು. ನಾನು ಹೊಡೆದು ಕಾಪಾಡಿದ ಹೆಂಗಸರೆಲ್ಲ ಸುತ್ತ ನಿಂತಿದ್ದರು, ಒಬ್ಬಳೂ ಅಡ್ಡ ಬರಲಿಲ್ಲ. ಯಾಕೆ ಬರಬೇಕು? ನಾನೇ ಕೊರಳಿನಿಂದ ಬೀಗದ ಕೈ ತೆಗೆದು ಕೊಟ್ಟೆ. ಅವಳು ತನ್ನ ಗಂಟನ್ನಷ್ಟೇ ತೆಗೆದುಕೊಂಡು ಬೀಗ ಹಾಕಿ, ಕೀಲಿಯನ್ನು ಸೋಪಿನಕ್ಕನ ಕೈಯಲ್ಲಿಟ್ಟು ಹೋದಳು.

ರಜೆಯ ಹಿಂದಿನ ದಿನ ಸೋಪಿನಕ್ಕನೇ ಎಲ್ಲರಿಗೂ ಗಂಟು ಹಂಚಿದಳು. ಯಾರೂ ತಮಾಷೆ ಮಾಡಲಿಲ್ಲ. ನನ್ನ ಗಂಟು ಬಿಚ್ಚಿಕೊಂಡು ನೇರ ಅಂಗಡಿಗೆ ಹೋದೆ. ಗುಬ್ಬಿಯ ಹಳೆಯ ಚಪ್ಪಲಿಯೊಂದು ನನ್ನ ಮನೆಯಲ್ಲಿತ್ತು, ಅದನ್ನೇ ಅಳತೆಗೆ ಕೊಟ್ಟು, ಇದ್ದುದರಲ್ಲೇ ಒಳ್ಳೆಯ ಗಾಲಿ ಬೂಟು ಕೊಂಡೆ. ರಜೆಯ ಬೆಳಿಗ್ಗೆ ಅವರ ಮನೆಯ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದಿತ್ತು. ಸೊಸೆ ಇರಲಿಲ್ಲ. ಮಗ ಗೋಡೆಗೆ ಒರಗಿ ಕೂತಿದ್ದ, ಬಲಗೈ ಮೊಣಕೈವರೆಗೂ ಬ್ಯಾಂಡೇಜು. ಗುಬ್ಬಿ ತಟ್ಟೆ ಹಿಡಿದು ಚಮಚದಲ್ಲಿ ಅವನಿಗೆ ಉಣಿಸುತ್ತಿದ್ದಳು, “ಆ ಅನ್ನು, ಇನ್ನೊಂದೇ ತುತ್ತು” ಅಂತ, ನಾನು ಅವಳಿಗೆ ಹೇಳುತ್ತಿದ್ದ ಹಾಗೆಯೇ. ನನ್ನ ನೆರಳು ಕಂಡದ್ದೇ ತಟ್ಟೆ ಬಿಟ್ಟು ಎದ್ದಳು. ಅಪ್ಪನ ಮುಂದೆ ನಿಂತು ಎರಡೂ ಕೈ ಅಗಲಿಸಿದಳು.

“ಅಪ್ಪಂಗೆ ಹೊಡೀಬೇಡ.”

“ಹೊಡೆಯೋಕೆ ಬಂದಿಲ್ಲ ಮರಿ. ನೋಡು, ನಿಂಗೆ ಏನು ತಂದಿದ್ದೀನಿ.” ಡಬ್ಬದ ಮುಚ್ಚಳ ತೆಗೆದೆ. ಅವಳು ನೋಡಿದಳು. ಗಾಲಿಗಳನ್ನು, ಪಟ್ಟಿಯನ್ನು, ಎಲ್ಲವನ್ನೂ ನೋಡಿದಳು.

“ನಂಗೆ ಬೇಡ. ನೀನು ಹೋಗು.”

“ನಿಂಗೇ ಅಂತ ತಂದಿದ್ದು ಕಣೇ ಬಂಗಾರಿ...”

ಅವಳು ಮುಷ್ಟಿ ಬಿಗಿದುಕೊಂಡು ಓಡಿ ಬಂದು ನನ್ನ ಹೊಟ್ಟೆಗೆ ಗುದ್ದಿದಳು. ಮತ್ತೆ ಗುದ್ದಿದಳು. ಡಬ್ಬ ಕೈಜಾರಿ, ಬೂಟೊಂದು ಮೆಟ್ಟಿಲಲ್ಲಿ ಉರುಳಿಕೊಂಡು ಕೆಳಗೆ ಹೋಯಿತು. ಹಿಂದಿನಿಂದ ನನ್ನ ಮಗ, “ಬಿಡೇ ಗುಬ್ಬಿ, ಅಜ್ಜಿ ಅದು,” ಅಂದ. ಅವಳು ಬಿಡಲಿಲ್ಲ. ನಾನೂ ಅವಳ ಕೈ ಹಿಡಿಯಲಿಲ್ಲ, ಸುಸ್ತಾಗುವವರೆಗೂ ಹೊಡೆಯಲಿ ಅಂತ ಬಾಗಿಲಲ್ಲೇ ನಿಂತಿದ್ದೆ.