ಜಂಬಮ್ಮನ ಪ್ಲೇಟುಗಳ ಮೇಲಿನ ಚಿತ್ರ

ಮಸ್ಕಿಯಲ್ಲಿ ಬಸ್ಸು ನಿಲ್ಲುವ ಜಾಗದೆದುರು ಮಕ್ತುಮ್‌ಸಾಬನ ಟ್ರಂಕಿನ ಅಂಗಡಿ. ತಗಡು ಬಡಿದು ಪೆಟ್ಟಿಗೆ ಮಾಡುವುದು ಅವನ ಕೆಲಸ. ಅದರ ಮೇಲೆ ಗುಲಾಬಿ ಬರೆಯುವುದು ತಂಗಿ ಶಾಕೀರಾಳದು. ಸುತ್ತಲಿನ ಊರುಗಳ ಮದುವಣಗಿತ್ತಿಯರು ಅವಳ ಗುಲಾಬಿಗಳೊಂದಿಗೇ ಗಂಡನ ಮನೆಗೆ ಹೋಗುತ್ತಿದ್ದರು. ಬರೆದು ಬರೆದು ಶಾಕೀರಾಳಿಗೆ ಮಾತ್ರ ಗುಲಾಬಿಯೆಂದರೆ ಸಾಕಾಗಿತ್ತು.

ಐವತ್ತಮೂರರ ಬೇಸಿಗೆಯಲ್ಲಿ ಜಂಬಮ್ಮ ಅಂಗಡಿಗೆ ಬಂದಳು. ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಹಾಡಿ ಈ ಸೀಮೆಗೆಲ್ಲ ಹೆಸರಾದವಳು. ನಲವತ್ತೆಂಟರ ರಜಾಕಾರರ ಗದ್ದಲದಲ್ಲಿ ಕಂಪನಿ ಮುರಿದ ಮೇಲೆ ಲಿಂಗಸುಗೂರಿನ ಅಕ್ಕನ ಮನೆ ಸೇರಿ, ಹಾಡುವುದನ್ನೇ ಬಿಟ್ಟಿದ್ದಳು. ಕೈಯಲ್ಲಿ ದಪ್ಪ ಪುಸ್ತಕದಂಥ ಆಲ್ಬಮ್. ಒಳಗಿನ ಕಾಗದದ ಚೀಲಗಳಲ್ಲಿ ಅವಳದೇ ದನಿಯ ಗ್ರಾಮಫೋನ್ ಪ್ಲೇಟುಗಳು. ಮೇಲಿನ ರಟ್ಟು ಬೋಳು.

“ಇದರ ಮ್ಯಾಲ ನನ್ನ ಬರದು ಕೊಡವಾ. ಹರೇದಾಗ ಹೆಂಗಿದ್ನೋ ಹಂಗ.”

“ಫೋಟೋ ಐತೇನ್ರಿ ಯವ್ವಾ?”

“ಇದ್ದದ್ದು ಕಂಪನಿ ಸಾಮಾನಿನ ಕೂಡ ಸುಟ್ಟು ಹೋತು.”

ಮೂಗುತಿ, ತುರುಬು, ಹಸಿರು ಸೀರೆ ಎಂದು ಅವಳು ಹೇಳಿದ್ದನ್ನೆಲ್ಲ ಸೇರಿಸಿ ಶಾಕೀರಾ ಕಾಗದದ ಮೇಲೆ ಚಿತ್ರ ಬರೆದಳು. ಮುಂದಿನ ವಾರ ಬಂದು ನೋಡಿದ ಜಂಬಮ್ಮನ ಮುಖ ಸಣ್ಣದಾಯಿತು.

“ಚೆಂದ ಐತಿ. ಆದ್ರ ಈಕಿ ಯಾರೋ ಕ್ಯಾಲೆಂಡರಿನ್ಯಾಕಿ.”

ಮತ್ತೊಂದು ಬರೆದಳು. ಅದೂ ಒಪ್ಪಲಿಲ್ಲ.

“ಹೋಗ್ಲಿ ಬಿಡು. ನನ್ನ ಮುಖ ನನಗ ನೆನಪಿಲ್ಲ,” ಎಂದು ಜಂಬಮ್ಮ ಆಲ್ಬಮ್ ಎತ್ತಿಕೊಂಡಳು.

“ಗುಲಾಬಿ ಬರದು ಕೊಡು, ಮುಗೀತು,” ಎಂದ ಮಕ್ತುಮ್‌ಸಾಬ್.

ಆ ಮಾತು ಶಾಕೀರಾಳನ್ನು ಚುಚ್ಚಿತು. ಬಸ್ಸಿನತ್ತ ಹೊರಟಿದ್ದವಳ ಹಿಂದೆ ಓಡಿದಳು. “ಹಾಡೋ ಹೊತ್ತಿಗೆ ನಿಮ್ಮ ಮುಖ ನಿಮಗೆಲ್ಲಿ ಕಾಣ್ತಿತ್ತು ಯವ್ವಾ? ನಿಮ್ಮ ಕಣ್ಣಿಗೆ ಏನು ಕಾಣ್ತಿತ್ತು, ಅದನ್ನ ಹೇಳ್ರಿ.”

ಜಂಬಮ್ಮ ನಿಂತಳು. ಆಮೇಲೆ ತಿರುಗಿ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತು, ಆಗ ಕಂಡದ್ದನ್ನು ಒಂದೊಂದಾಗಿ ಹೇಳಿದಳು: ಗ್ಯಾಸ್‌ಬತ್ತಿಯ ಬೆಳಕು, ಅದರಾಚೆ ಸಂತೆಕಲ್ಲೂರಿನಿಂದ ಬಂದ ಬಂಡಿಗಳು, ತೊಡೆಯ ಮೇಲೆ ಕೂಸು ಮಲಗಿಸಿಕೊಂಡ ಹೆಂಗಸರು, ಎಲೆ ಅಗಿಯುವುದನ್ನು ಮರೆತ ಮುದುಕ, ಎಲ್ಲರ ಹಿಂದೆ ಕಪ್ಪಗೆ ಮಸ್ಕಿಯ ಗುಡ್ಡ. “ನಮ್ಮವ್ವ ಡೇರೆ ಗಳಕ್ಕ ಆತ್ಕೊಂಡು ನಿಂದಿರ್ತಿದ್ಲು. ನನ್ನ ಹಾಡು ಮುಗಿಯೂತನ ಕೂಡ್ತಿದ್ದಿಲ್ಲ.” ಹೇಳುತ್ತ ಹೇಳುತ್ತ ಜಂಬಮ್ಮ ತನಗರಿವಿಲ್ಲದೆ ಗುನುಗತೊಡಗಿದಳು. ದನಿ ಒರಟಾಗಿತ್ತು, ಶ್ರುತಿ ತಪ್ಪಿರಲಿಲ್ಲ. ಬಸ್ಸು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

ರಟ್ಟು ಬಣ್ಣ ಕುಡಿಯದಂತೆ ಶಾಕೀರಾ ಮೊದಲು ಅಂಟು ಬಳಿದು ಒಣಗಿಸಿದಳು. ಗುಡ್ಡಕ್ಕೆ ಹಚ್ಚುವ ನೀಲಿ ಸಾಲದಾದಾಗ ಸಿಂಧನೂರಿಗೆ ಹೋಗಿ ತಂದಳು. ಹಾಡುವವಳನ್ನು ಹಿಂದಿನಿಂದ ಬರೆದಳು: ಒಂದು ತುರುಬು, ಹಸಿರು ಸೆರಗು, ಅಷ್ಟೇ. ಉಳಿದ ರಟ್ಟಿನ ತುಂಬ ಬೆಳಕಿಗೆ ಮುಖವೊಡ್ಡಿದ ಜನ.

ಜಂಬಮ್ಮ ಆಲ್ಬಮನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಡೇರೆಯ ಗಳಕ್ಕೆ ಆತುಕೊಂಡು ನಿಂತ ಹೆಂಗಸಿನ ಮೇಲೆ ಬೆರಳಿಟ್ಟು, “ಇನ್ನ ಕುಂದ್ರಬೇ ಯವ್ವಾ,” ಎಂದಳು. ಶಾಕೀರಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆ ಆಲ್ಬಮ್ ಸಿಂಧನೂರಿನಲ್ಲಿ ಹೊಸ ಕಂಪನಿ ಕಟ್ಟುತ್ತಿದ್ದ ಗ್ಯಾನಪ್ಪನ ಕಣ್ಣಿಗೆ ಬಿತ್ತು. ಹುಡುಗಿಯರಿಗೆ ಹಾಡು ಕಲಿಸಲು ಅವನು ಜಂಬಮ್ಮನನ್ನು ಕರೆದ, ಅವಳು ಒಪ್ಪಿದಳು. ರಂಗದ ಪರದೆ ಬರೆಯಲು ಶಾಕೀರಾಳಿಗೆ ಹೇಳಿಕಳಿಸಿದ.

“ಅಷ್ಟು ದೊಡ್ಡ ಬಟ್ಟಿ ಎಲ್ಲಿ ಹಾಸ್ತೀ?” ಎಂದು ಮಕ್ತುಮ್‌ಸಾಬ್ ಗೊಣಗಿದ.

“ಅಂಗಳದಾಗ. ನೀ ಒಂದು ತುದಿ ಹಿಡಿ, ಭಾಯಿ.”

ಅವನು ಸುತ್ತಿಗೆ ಕೆಳಗಿಟ್ಟು ಬಂದು ಹಿಡಿದ.