ಬಾಗಿಲು ತಟ್ಟಿದ ಚಿನ್ನದ ಕೋಟು

ಕ್ಯಾಂಟನ್ ಊರಿನಲ್ಲಿ ಅಮೆರಿಕನ್ ಫುಟ್‌ಬಾಲಿನ ದೊಡ್ಡ ಆಟಗಾರರನ್ನು ಗೌರವಿಸುವ ಹಾಲ್ ಆಫ್ ಫೇಮ್ ಇದೆ. ಅವರದ್ದು ಒಂದು ಪದ್ಧತಿ. ಆಯ್ಕೆಯಾದ ಆಟಗಾರನ ಮನೆಗೆ ಚಿನ್ನದ ಬಣ್ಣದ ಕೋಟು ತೊಟ್ಟ ಹಳೆಯ ಸದಸ್ಯನೊಬ್ಬ ಬಂದು ಬಾಗಿಲು ತಟ್ಟುತ್ತಾನೆ. ಆಯ್ಕೆಯಾಗದವನಿಗೆ ಫೋನು ಬರುತ್ತದೆ. ಹಾಗಾಗಿ ಜನವರಿ ಬಂತೆಂದರೆ ನಮ್ಮ ಆರ್ವಲ್ ಸ್ಟಕಿ ಫೋನು ಕಂಡರೆ ಹಾವು ಕಂಡವನಂತೆ ಆಡುತ್ತಿದ್ದ.

ಆರ್ವಲ್ ನಮ್ಮ ತಂಡದ ಗಾರ್ಡ್ ಆಗಿದ್ದವನು. ಎದುರಾಳಿಗಳು ಚೆಂಡೆಸೆಯುವ ನಮ್ಮ ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳದ ಹಾಗೆ ಅಡ್ಡ ನಿಲ್ಲುವುದು ಅವನ ಕೆಲಸ. ವರ್ಷಗಟ್ಟಲೆ ಮಣ್ಣು ತಿಂದ, ಚೆಂಡು ಮುಟ್ಟಲಿಲ್ಲ. ಟೀವಿಯಲ್ಲಿ ಅವನ ಹೆಸರು ಹೇಳುತ್ತಿದ್ದುದು ಅವನು ತಪ್ಪು ಮಾಡಿ ಸಿಕ್ಕಿಬಿದ್ದಾಗ ಮಾತ್ರ. ಅವನ ಹಿಂದೆ ಬೆಚ್ಚಗೆ ನಿಂತು ಚೆಂಡೆಸೆದ ಡೆಲ್ಮಾರ್ ಫಿಂಚ್ ಎಂದೋ ಹಾಲ್ ಸೇರಿ, ತಾನೂ ಚಿನ್ನದ ಕೋಟು ಪಡೆದು, ಅಲ್ಲಿ ಕಂಚಿನ ಪ್ರತಿಮೆಯ ತಲೆಯಾಗಿ ಕೂತಿದ್ದಾನೆ. ದುಡಿದವನೊಬ್ಬ, ಹೆಸರು ಪಡೆದವನೊಬ್ಬ.

ನಾನು ಪಂಟರ್. ಎಲ್ಲರೂ ಕೈಚೆಲ್ಲಿದ ಮೇಲೆ ಕರೆಸಿಕೊಂಡು ಚೆಂಡು ಒದೆಯುವವನು. ನನಗೆ ಆ ಹಾಲ್‌ನ ಆಸೆಯೇನೂ ಇಲ್ಲ; ಟಿಕೆಟ್ ಕೊಂಡು ಒಳಗೆ ಹೋಗಿ ನೋಡಿ ಬಂದಿದ್ದೇನೆ.

ಆರ್ವಲ್‌ಗೆ ಮಾತ್ರ ಆಸೆಯಿತ್ತು. ವಯಸ್ಸು ಎಂಬತ್ತರ ಹತ್ತಿರ. ಈ ಸಲ ತಪ್ಪಿದರೆ, ಅವನ ಆಟ ಕಣ್ಣಾರೆ ಕಂಡವರು ಮುಂದೆ ಯಾರೂ ಉಳಿದಿರುವುದಿಲ್ಲ. ಅದಕ್ಕೇ ಆಯ್ಕೆ ತಿಳಿಯುವ ದಿನ ಜೊತೆಗಿರೋಣವೆಂದು ನಾನು ಅವನ ಮನೆಗೆ ಹೋದೆ.

"ಏನೋ, ಟೈ ಕಟ್ಕೊಂಡಿದ್ದೀಯ?" ಎಂದೆ.

"ಭಾನುವಾರ ಅಲ್ವಾ, ಚರ್ಚಿಗೆ."

"ಇವತ್ತು ಗುರುವಾರ ಕಣೋ."

"ಅವನನ್ನ ಕೆಣಕ್ಬೇಡ ಹೋಯ್ಟ್," ಎಂದಳು ಅವನ ಹೆಂಡತಿ ಲವಾನ್, ಒಲೆಯ ಮೇಲೆ ಚಿಲಿ ಎಂಬ ಮಾಂಸದ ಸಾರು ಕದಡುತ್ತ. "ಬೆಳಿಗ್ಗೆಯಿಂದ ಮೂರನೇ ಅಂಗಿ ಅದು."

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

ಆರ್ವಲ್ ಬಾಗಿಲು ತೆರೆದ. ಎದುರಿಗೆ ಡೆಲ್ಮಾರ್, ಚಿನ್ನದ ಕೋಟಿನಲ್ಲಿ, ಹೆಗಲ ಮೇಲೆ ಹಿಮ.

"ಬಂದ್ಯೇನೋ, ಕೊನೆಗೂ ಬಂದ್ಯೇನೋ," ಎನ್ನುತ್ತ ಆರ್ವಲ್ ಅವನನ್ನು ಬಾಚಿ ತಬ್ಬಿಕೊಂಡು ಅತ್ತುಬಿಟ್ಟ. ಲವಾನ್ ಸೌಟು ಹಿಡಿದೇ ಓಡಿಬಂದಳು. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಡೆಲ್ಮಾರ್ ಮಾತ್ರ ಆರ್ವಲ್‌ನ ಹೆಗಲಾಚೆಯಿಂದ ನನ್ನನ್ನು ನೋಡಿದ. ಬಾಯಿ ತೆರೆದ, ಮುಚ್ಚಿದ. ಆಗ ನನಗೆ ಹೊಳೆಯಿತು. ಈ ಪುಣ್ಯಾತ್ಮ ಮೊಟ್ಟೆ ತರಲು ಹೋಗುವಾಗಲೂ ಅದೇ ಕೋಟು ತೊಡುತ್ತಾನೆ. ಹಾಲ್‌ನವರು ಅವನನ್ನು ಕಳಿಸಿರಲಿಲ್ಲ. ನನ್ನ ಹಾಗೆಯೇ, ಗೆಳೆಯನ ಜೊತೆಗಿರಲು ಬಂದಿದ್ದ.

ಫೋನು ಹೊಡೆದುಕೊಂಡಿತು.

ಡೆಲ್ಮಾರ್ ಅಪ್ಪುಗೆಯಿಂದ ನುಣುಚಿಕೊಂಡು ಹೋಗಿ ಫೋನಿನ ಮುಂದೆ ಕೈ ಚಾಚಿ ನಿಂತ. "ತೆಗೀಬೇಡ ಆರ್ವಲ್. ಯಾರೋ ಏನೋ ಮಾರೋರಿರ್ಬೇಕು."

ಆರ್ವಲ್ ಆ ಕೋಟು ನೋಡಿದ, ಫೋನು ನೋಡಿದ. ಅರ್ಥವಾಯಿತು. ಒಂದೇ ಕೈಯಲ್ಲಿ ಡೆಲ್ಮಾರನನ್ನು ಪಕ್ಕಕ್ಕೆ ಸರಿಸಿದ.

"ಅಡ್ಡ ನಿಲ್ಲೋದು ನಿಂಗೆ ಬರಲ್ಲ ಬಿಡು. ಕಾಲು ಅಗಲಿಸ್ಬೇಕು."

ಫೋನಿನಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. "ಪರವಾಗಿಲ್ಲ. ಹಿಮ ಬೀಳ್ತಾ ಇದೆ, ಹುಷಾರಾಗಿ ಮನೆಗೆ ಹೋಗಿ," ಎಂದು ಇಟ್ಟ. ಹಾಲ್‌ಗೆ ಮತ ಹಾಕಿ ಆರಿಸುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒದೆಯಬೇಕೆನ್ನಿಸಿತು ನನಗೆ. ನನಗೆ ಬರುವ ವಿದ್ಯೆ ಅದೊಂದೇ.

ಲವಾನ್ ಬಡಿಸಿದಳು. ಯಾರೂ ಚಮಚ ಎತ್ತಲಿಲ್ಲ.

"ಬಾಗಿಲಲ್ಲೇ ಯಾಕೋ ಹೇಳ್ಲಿಲ್ಲ?" ಎಂದು ಆರ್ವಲ್ ಕೇಳಿದ.

ಡೆಲ್ಮಾರ್ ತಲೆ ತಗ್ಗಿಸಿದ. "ಆಡಿದಷ್ಟು ವರ್ಷವೂ ನಾನು ನೋಡಿದ್ದು ನಿನ್ನ ಬೆನ್ನು ಮಾತ್ರ. ನೀನು ಈ ಕಡೆ ತಿರುಗಿ ತಬ್ಬಿಕೊಂಡಿದ್ದು ಇವತ್ತೇ. ಬಿಡಿಸ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ ಕಣೋ."