ಭಾನುವಾರದ ಅಂಬಿಗ

“ದೋಣಿಗೆ ವಯಸ್ಸಾಗಿದೆ ಸ್ವಾಮಿ. ಆದ್ರೆ ಈ ವಿಷ್ಯ ಅದಕ್ಕೆ ಇನ್ನೂ ಹೇಳಿಲ್ಲ. ನೀವೂ ಹೇಳ್ಬೇಡಿ, ಬೇಜಾರು ಮಾಡ್ಕೊಂಡು ನಡುನೀರಲ್ಲೇ ಕೂತ್ಬಿಡುತ್ತೆ.”

ಅಂಬಿಗನ ಈ ಮಾತಿಗೆ ಹಲ್ಲಿನ ಡಾಕ್ಟರು ತಮ್ಮ ಹಲ್ಲೆಲ್ಲ ಕಾಣುವಂತೆ ನಕ್ಕರು. ಡ್ರಿಲ್ ಮೇಷ್ಟ್ರು ಮೇಜು ಕುಟ್ಟಿದರು. ಬ್ಯಾಂಕಿನ ಕ್ಯಾಷಿಯರ್ ಮಾತ್ರ, “ಹಾಗಾದ್ರೆ ಬಾಡಿಗೆ ಕಮ್ಮಿ ಮಾಡ್ಕೊಳ್ಳಕ್ಕೆ ಹೇಳಿ ಮೇಡಂ,” ಎಂದು ಚೌಕಾಸಿಗೆ ಇಳಿದಳು. ಅದೇ ಹೊತ್ತಿಗೆ ಹಜಾರದಲ್ಲಿ ಸ್ಟೀಲ್ ತಟ್ಟೆ ಠಣ್ಣೆಂದು ಬಿತ್ತು. ಅಲ್ಲಿ ಅತ್ತೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ಕೋಣೆಯಲ್ಲಿ ಅಂಬಿಗನಾಗಿ ಮಾತಾಡುತ್ತಿದ್ದ ಸೊಸೆ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ, “ಏನಾಯ್ತು ಅತ್ತೆ?” ಎಂದು ಕೂಗಿದಳು. ಆಟವನ್ನು ಅರ್ಧಕ್ಕೆ ಬಿಟ್ಟು ಏಳುವಂತಿರಲಿಲ್ಲ. ಮೂವರೂ ದುಡ್ಡು ಕಟ್ಟಿ ಕೂತವರು.

ಅವಳ ಕಸುಬನ್ನು ಯಾರಿಗಾದರೂ ಬಿಡಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಬೇರೆ ಬೇರೆ ಊರಲ್ಲಿ ಕೂತವರು ಕಂಪ್ಯೂಟರಿನಲ್ಲಿ ಒಂದೆಡೆ ಸೇರುತ್ತಾರೆ. ಅವಳು ಒಂದು ಕಾಡನ್ನೋ ಕೋಟೆಯನ್ನೋ ಬಾಯಲ್ಲೇ ಕಟ್ಟಿ ಅವರ ಮುಂದಿಡುತ್ತಾಳೆ. ಅದರೊಳಗೆ ಹಲ್ಲಿನ ಡಾಕ್ಟರು ಮಂತ್ರವಾದಿ, ಡ್ರಿಲ್ ಮೇಷ್ಟ್ರು ಸಿಪಾಯಿ, ಕ್ಯಾಷಿಯರ್ ಕಳ್ಳಿ. ದಿನವಿಡೀ ಪರರ ದುಡ್ಡು ಎಣಿಸುವವಳಿಗೆ ಆ ಆಸೆ ಯಾವಾಗಿನಿಂದ ಇತ್ತೋ, ಯಾರಿಗೆ ಗೊತ್ತು! ಏನು ಮಾಡುತ್ತೇವೆಂದು ಅವರು ಹೇಳಬೇಕು, ಅದು ಆಗುತ್ತದೋ ಇಲ್ಲವೋ ಎಂದು ದಾಳ ಹೇಳಬೇಕು. ಉಳಿದಂತೆ ರಾಜ, ರಾಕ್ಷಸ, ಅಂಗಡಿಯವನು, ಅಂಬಿಗ, ಎಲ್ಲರ ಬಾಯಿಯೂ ಅವಳದೇ. ಒಂದು ಆಟಕ್ಕೆ ತಲೆಗೆ ಇಷ್ಟು ಎಂದು ಮುಂಗಡ ಕೊಡಬೇಕು. ಇಂಥ ನಾಲ್ಕಾರು ತಂಡಗಳಿಂದಲೇ ಮನೆ ಬಾಡಿಗೆ, ಗ್ಯಾಸು, ಅತ್ತೆಯ ಮಾತ್ರೆ ಎಲ್ಲ ಹೇಗೋ ಸಾಗುತ್ತಿತ್ತು.

ಹೋದ ತಿಂಗಳು ಮಗಳ ಮನೆಯಿಂದ ಇಲ್ಲಿಗೆ ಬಂದ ಅತ್ತೆಗೆ ಮೊದಮೊದಲು ಇದೊಂದು ತಮಾಷೆ. “ಕಥೆ ಕೇಳೋಕೆ ದುಡ್ಡು ಕೊಡೋರಿದ್ದಾರಾ? ನಾನು ನನ್ನ ಮಗನಿಗೆ ತುತ್ತಿಗೊಂದು ಕಥೆ ಹೇಳ್ತಿದ್ದೆ. ಕಥೆ ಪೂರ್ತಿ ಕೇಳಿ, ಅನ್ನ ಉಗಿದು ಓಡ್ತಿದ್ದ,” ಎಂದು ನಕ್ಕಿದ್ದರು. ಭಾನುವಾರ ಮಧ್ಯಾಹ್ನವೆಲ್ಲ ಕೆಳಗಿನ ಮನೆಯವರ ಜೊತೆ ಟೀವಿ ನೋಡುತ್ತ ಕಳೆಯುತ್ತಿದ್ದವರು, ಅವತ್ತು ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯಲಾರದೆ ಮನೆಯಲ್ಲೇ ಉಳಿದಿದ್ದರು.

ಆಟ ಮುಗಿಸಿ ಅವಳು ಹಜಾರಕ್ಕೆ ಬಂದಾಗ ಬೆಳ್ಳುಳ್ಳಿ ನೆಲದ ತುಂಬ ಚೆಲ್ಲಾಡಿತ್ತು. ಅತ್ತೆ ಒಂದನ್ನೂ ಆರಿಸಿರಲಿಲ್ಲ.

“ಲಿಫ್ಟಿಗೆ ವಯಸ್ಸಾಗಿದೆ ಅಂತ ಅದಕ್ಕೆ ಹೇಳ್ಬೇಡಿ ಸ್ವಾಮಿ,” ಎಂದರು, ಅವಳ ಮುಖ ನೋಡದೆ. “ಅದು ಅವನ ಮಾತಲ್ವಾ?”

ಅವಳ ಗಂಡ ಲಿಫ್ಟ್ ರಿಪೇರಿಯವನು. ಎರಡು ವರ್ಷದ ಕೆಳಗೆ ಜ್ವರವೆಂದು ಮಲಗಿದವನು ಮತ್ತೆ ಏಳಲಿಲ್ಲ.

“ಹೌದು ಅತ್ತೆ.”

“ಆ ಎಳೆದೆಳೆದು ಮಾತಾಡೋದು? ಮಧ್ಯೆ ಮಧ್ಯೆ ‘ಹ್ಞಾಂ’ ಅನ್ನೋದು?”

“ಅದೂ ಅವರದೇ.”

“ಅಂದ್ರೆ ಕಾಸು ಕೊಟ್ಟೋರನ್ನೆಲ್ಲ ನನ್ನ ಮಗ ನಗಿಸ್ಬೇಕು. ಹೋದ್ಮೇಲೂ ಅವನಿಗೆ ರಜ ಇಲ್ಲ.”

ಅವಳು ಕೂತು ಬೆಳ್ಳುಳ್ಳಿ ಆರಿಸತೊಡಗಿದಳು. ಬೇಕೆಂದು ಮಾಡಿದ್ದಲ್ಲ. ಕಸುಬಿಗೆ ಇಳಿದ ಹೊಸತರಲ್ಲಿ ಆಟದವರು ಒಂದು ನದಿಯ ದಡಕ್ಕೆ ಬಂದು ನಿಂತಿದ್ದರು. ಒಬ್ಬ ಅಂಬಿಗ ಬೇಕಾಗಿದ್ದ. ಬಾಯಿ ತೆರೆದರೆ ಅವನೇ ಬಂದುಬಿಟ್ಟ. ಅವತ್ತು ಆಟ ಮುಗಿದ ಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಿದ್ದಳು. ಆದರೆ ಮುಂದಿನ ಭಾನುವಾರ ಯಾವಾಗ ಬಂದೀತೆಂದು ಕಾದವಳೂ ಅವಳೇ. ನೆಂಟರ ನಡುವೆ ಅವನ ಮಾತೆತ್ತಿದರೆ ಎಲ್ಲರ ಮುಖ ಬಾಡುತ್ತಿತ್ತು. ಇಲ್ಲಿ ಅವನು ಬಂದರೆ ಎಲ್ಲರ ಮುಖ ಅರಳುತ್ತಿತ್ತು. ಅವನ ದನಿ ಉಳಿದಿದ್ದ ಜಾಗ ಅದೊಂದೇ. ಆ ದನಿಗೆ ತಾನು ದರ ಕಟ್ಟಿದ್ದೇನೆಂದು ಇಷ್ಟು ದಿನ ಹೊಳೆದಿರಲಿಲ್ಲ. ಈಗ ಹೊಳೆದು, ನಾಚಿಕೆಯಿಂದ ಹಿಡಿಯಷ್ಟಾದಳು.

ಮುಂದಿನ ಭಾನುವಾರ ಅಂಬಿಗನನ್ನು ಕಥೆಯಿಂದ ಕಳಿಸಿಬಿಡಬೇಕು ಎಂದು ತೀರ್ಮಾನಿಸಿದಳು. ಅವನಿಲ್ಲವೆಂದು ಆ ಮೂವರು ಬೇರೆ ಕಥೆಯವರನ್ನು ಹುಡುಕಿಕೊಂಡರೆ ಹುಡುಕಿಕೊಳ್ಳಲಿ, ಇನ್ನೊಂದು ತಂಡ ಸಿಕ್ಕೀತು. ಆದರೆ ಆಮೇಲೆ ಅವನನ್ನು ತಾನು ಎಲ್ಲಿ ಕೇಳುವುದು?

ವಾರವಿಡೀ ಅತ್ತೆ ಸೊಸೆಯ ನಡುವೆ ಎಷ್ಟು ಬೇಕೋ ಅಷ್ಟೇ ಮಾತು. ಒಂದು ಸಂಜೆ ಒಣಗಿದ ಬಟ್ಟೆ ಮಡಿಸುತ್ತ ಅತ್ತೆಯೇ ಕೇಳಿದರು.

“ಆ ಅಂಬಿಗನಿಗೆ ಮದುವೆ ಆಗಿದ್ಯಾ?”

“ಹ್ಞೂಂ. ಹೆಂಡ್ತಿ ಬಹಳ ಜೋರು, ಅವಳಿಗೆ ಹೆದರಿ ನೀರಲ್ಲೇ ಇರ್ತೀನಿ ಅಂತ ಕಂಡೋರಿಗೆಲ್ಲ ಹೇಳ್ತಾನೆ.”

ಅತ್ತೆಯ ತುಟಿ ಒಂಚೂರು ಅಲುಗಿತು. ಟವೆಲ್ಲೊಂದನ್ನು ಮಡಿಸಿ, ಸರಿಯಾಗಲಿಲ್ಲವೆಂದು ಬಿಚ್ಚಿ, ಮತ್ತೆ ಮಡಿಸಿದರು. “ತಾಯಿ ಇದ್ದಾಳಾ?”

“ಅದನ್ನ ಯಾರೂ ಕೇಳಿಲ್ಲ ಅತ್ತೆ.”

“ಕೇಳಲ್ಲ ಬಿಡು,” ಎಂದು ಅತ್ತೆ ಬಟ್ಟೆ ಎತ್ತಿಕೊಂಡು ಒಳಗೆ ಹೋದರು.

ಭಾನುವಾರ ಬಂತು. ಮಂಡಿ ನೋವು ಇಳಿದಿದ್ದರೂ ಅತ್ತೆ ಕೆಳಗಿನ ಮನೆಗೆ ಹೋಗಲಿಲ್ಲ. ಅವಳೂ ಕೋಣೆಯ ಬಾಗಿಲು ಹಾಕಿಕೊಳ್ಳಲಿಲ್ಲ. ಕಳಿಸಿಕೊಡುವುದು ಅವರ ಕಿವಿಗೂ ಬೀಳಲಿ ಎಂದುಕೊಂಡಳು. ಮೂವರನ್ನೂ ನದಿಯ ದಡಕ್ಕೆ ತಂದು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡಳು.

“ಇದೇ ಕೊನೇ ಸಲ ಸ್ವಾಮಿ. ದೋಣಿ ಮಾರ್ಬಿಟ್ಟೆ.”

“ಏನ್ ಮೇಡಂ ಇದು!” ಡ್ರಿಲ್ ಮೇಷ್ಟ್ರು ಕುರ್ಚಿಯಿಂದ ಎದ್ದೇ ಬಿಟ್ಟರು. “ಅವನು ಹೋದ್ರೆ ನಾನು ಕತ್ತಿ ಕೆಳಗಿಟ್ಟೆ ಅಂತ್ಲೇ ತಿಳ್ಕೊಳ್ಳಿ!”

“ನಾನು ಡಬಲ್ ಬಾಡಿಗೆ ಕೊಡ್ತೀನಿ. ಇರಕ್ಕೆ ಹೇಳಿ,” ಎಂದಳು ಕ್ಯಾಷಿಯರ್. ಇಡೀ ಆಟದಲ್ಲಿ ಅವಳು ಕೈಬಿಚ್ಚಿದ್ದು ಅದೇ ಮೊದಲು.

ಹಲ್ಲಿನ ಡಾಕ್ಟರು ಮಾತ್ರ ಮೆಲ್ಲಗೆ, “ಯಾರಾದ್ರೂ ಏನಾದ್ರೂ ಅಂದ್ರಾ ಮೇಡಂ?” ಎಂದರು.

ಅವಳು ಅಂಬಿಗನ ದನಿಯನ್ನೇ ಮುಂದುವರಿಸಿದಳು. “ಎಲ್ಲೂ ಹೋಗಲ್ಲ ಸ್ವಾಮಿ... ಹ್ಞಾಂ... ಇಲ್ಲೇ, ಸ್ವಲ್ಪ ದೂರ...”

“ತಡಿ.”

ಬಾಗಿಲಲ್ಲಿ ಅತ್ತೆ. ಕೈಯಲ್ಲಿ ಅವರ ಸಣ್ಣ ಪರ್ಸು.

“ಒಂದು ಆಟಕ್ಕೆ ಎಷ್ಟು?”

“ನಾನು ಕಳಿಸ್ತಾ ಇದ್ದೀನಿ ಅತ್ತೆ. ಇನ್ಮೇಲೆ ಅವರ ಮಾತು ಯಾರಿಗೂ...”

“ಎಷ್ಟು ಅಂತ ಕೇಳ್ದೆ.” ಅತ್ತೆ ಒಳಗೆ ಬಂದು ಪರ್ಸನ್ನು ಹಾಗೇ ಮೇಜಿನ ಮೇಲಿಟ್ಟರು. “ಯಾರ್ಯಾರೋ ದುಡ್ಡು ಕೊಟ್ಟು ಅವನನ್ನ ಮಾತಾಡಿಸ್ತಾರೆ. ಹೆತ್ತೋಳು ನಾನ್ಯಾಕೆ ಗೋಡೆ ಆಚೆ ಕೂತು ಕದ್ದು ಕೇಳ್ಲಿ? ನಂದೂ ಒಂದು ತಲೆ ಲೆಕ್ಕಕ್ಕೆ ತಗೋ.”

ಅವಳು ಹೆಡ್‌ಫೋನಿನ ವೈರು ಕಿತ್ತಳು. ದೂರದೂರಿನ ದನಿಗಳು ಕೋಣೆಯೊಳಕ್ಕೆ ಬಂದವು.

“ಯಾರು ಮೇಡಂ ಅದು?”

“ನಮ್ಮತ್ತೆ. ಅಂಬಿಗನ...” ಎಂದವಳು ಅಲ್ಲಿಗೇ ನಿಲ್ಲಿಸಿದಳು. “ಅವರೂ ಆಡ್ತಾರಂತೆ.”

ಎಷ್ಟು ಅರ್ಥವಾಯಿತೋ ಏನೋ, ಹಲ್ಲಿನ ಡಾಕ್ಟರೇ ಮೊದಲು ಮಾತಾಡಿದರು. “ಬನ್ನಿ ಅಮ್ಮ. ಇಲ್ಲಿ ನೀವು ಯಾರು ಬೇಕಾದ್ರೂ ಆಗ್ಬಹುದು. ರಾಣಿ ಆಗ್ತೀರಾ?”

“ರಾಣಿ ಗೀಣಿ ಎಲ್ಲ ಬೇಡಪ್ಪ. ದೋಣಿ ಹತ್ತೋಕೆ ಬಂದ ಮುದುಕಿ, ಅಷ್ಟೇ.”

ಯಾರನ್ನು ನೋಡಿ ಮಾತಾಡಬೇಕೋ ಅತ್ತೆಗೆ ತಿಳಿಯಲಿಲ್ಲ. ಪರದೆಯ ಮೇಲಿನ ಮುಖಗಳನ್ನು ನೋಡಿದರು, ಮೈಕನ್ನು ನೋಡಿದರು, ಕೊನೆಗೆ ಸೊಸೆಯನ್ನು ನೋಡಿದರು.

“ಅಂಬಿಗಪ್ಪಾ,” ಎಂದರು. ಸ್ವಲ್ಪ ತಡೆದು, “ಊಟ ಮಾಡಿದ್ಯೇನೋ?”

ಅವನ ತಮಾಷೆಗಳು ಅವಳಿಗೆ ನೂರು ಗೊತ್ತಿದ್ದವು, ಒಂದೂ ನೆನಪಿಗೆ ಬರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು.

“ಇಲ್ಲಮ್ಮಾ,” ಅಂಬಿಗ ಎಳೆದೆಳೆದು ಹೇಳಿದ. “ನೀನು ಬರ್ಲಿ ಅಂತ ಕೂತಿದ್ದೆ. ಹ್ಞಾಂ, ಮೆಲ್ಲಗೆ. ಕೈ ಕೊಡು.”

ಅತ್ತೆ ಉಟ್ಟ ಬಟ್ಟೆಯ ಅಂಚನ್ನು ನೀರು ತಾಗದಂತೆ ತುಸು ಮೇಲೆತ್ತಿ ಹಿಡಿದರು. ಇನ್ನೊಂದು ಕೈಯನ್ನು ಮುಂದೆ ಚಾಚಿ, ಬರಿ ನೆಲದ ಮೇಲೆ ಎಚ್ಚರದಿಂದ ಒಂದು ಹೆಜ್ಜೆ ಇಟ್ಟರು.